ಬಸಿರು, ಮೂಳೆ ಮತ್ತು ಕುಂಟುವ ಕಾಲು

1955ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ನಾರ್ಡಿನ್ ಮತ್ತು ರೋಪರ್ ಎಂಬ ವೈದ್ಯರು ನಾಲ್ವರು ಹೆಂಗಸರ ವೃತ್ತಾಂತವನ್ನು ಬರೆದರು. ಬಸಿರು-ಬಾಣಂತನದ ನಡುವೆಯೇ ಅವರ ಬೆನ್ನುಮೂಳೆಗಳು ಕುಸಿದಿದ್ದವು. ನಾಲ್ಕು ವರ್ಷಗಳ ನಂತರ, 1959ರಲ್ಲಿ, ಅಮೆರಿಕದ ಕರ್ಟಿಸ್ ಮತ್ತು ಕಿಂಕೇಡ್ ಇನ್ನೊಂದು ಬಗೆಯ ಮೂವರು ಗರ್ಭಿಣಿಯರನ್ನು ವೈದ್ಯಲೋಕದ ಮುಂದಿಟ್ಟರು. ಇವರ ಬೆನ್ನು ನೆಟ್ಟಗಿತ್ತು, ನೋವಿದ್ದದ್ದು ಸೊಂಟದ ಕೀಲಿನಲ್ಲಿ. ದಿನ ತುಂಬುತ್ತಾ ಬಂದಂತೆ ಕುಂಟತೊಡಗಿದ್ದ ಅವರ ಎಕ್ಸ್‌ರೇಯಲ್ಲಿ ತೊಡೆಮೂಳೆಯ ತಲೆ ಸುಣ್ಣ ಕಳೆದುಕೊಂಡು ಮಸುಕಾಗಿ ಕಾಣುತ್ತಿತ್ತು. ಹೆರಿಗೆಯಾದ ಕೆಲವು ತಿಂಗಳಲ್ಲಿ ಅದು ತಾನಾಗಿಯೇ ತುಂಬಿಕೊಂಡಿತು. ಈ ಎರಡು ವರದಿಗಳು ಎರಡು ಬೇರೆ ಕಾಯಿಲೆಗಳ ಕಡೆಗೆ ಬೆರಳು ತೋರಿಸುತ್ತಿದ್ದವು. ಆದರೆ ಆಮೇಲಿನ ದಶಕಗಳಲ್ಲಿ ಇವೆರಡನ್ನೂ ‘ಬಸುರಿನ ಮೂಳೆ ಸವೆತ’ ಎಂಬ ಒಂದೇ ಗಂಟಿನಲ್ಲಿ ಕಟ್ಟಿ, ಮಗು ತಾಯಿಯ ಕ್ಯಾಲ್ಸಿಯಂ ಹೀರಿಬಿಟ್ಟಿತು ಎಂಬ ಒಂದೇ ವಿವರಣೆ ಕೊಡುವುದು ರೂಢಿಯಾಯಿತು. ಮನೆಯಲ್ಲೂ ಹಾಗೇ ಹೇಳುತ್ತಾರೆ, ಎಷ್ಟೋ ಕ್ಲಿನಿಕ್ಕುಗಳಲ್ಲೂ ಹಾಗೇ ಹೇಳುತ್ತಾರೆ. ಈ ವಿವರಣೆ ಅರೆಸತ್ಯ ಮಾತ್ರವಲ್ಲ, ಅಪಾಯಕಾರಿಯೂ ಹೌದು ಎಂಬುದು ನನ್ನ ವಾದ. ಎಲ್ಲವನ್ನೂ ಕ್ಯಾಲ್ಸಿಯಂ ಖಾತೆಗೆ ಬರೆದುಬಿಟ್ಟರೆ, ಒಂದು ಮಾತ್ರೆ ಬರೆದು ಕಳಿಸಿದಲ್ಲಿಗೆ ಕೆಲಸ ಮುಗಿಯಿತು ಎನಿಸುತ್ತದೆ. ಮುರಿಯಲಿರುವ ಮೂಳೆಯನ್ನು ಯಾರೂ ನೋಡುವುದಿಲ್ಲ.

ಮೊದಲು ಲೆಕ್ಕವನ್ನೇ ನೋಡೋಣ. ಹುಟ್ಟುವ ಹೊತ್ತಿಗೆ ಮಗುವಿನ ಮೈಯಲ್ಲಿರುವ ಕ್ಯಾಲ್ಸಿಯಂ ಸುಮಾರು 30 ಗ್ರಾಂ. ಅದರ ಐದರಲ್ಲಿ ನಾಲ್ಕು ಪಾಲು ಕೊನೆಯ ಮೂರು ತಿಂಗಳಲ್ಲಿ ಸೇರುತ್ತದೆ. ತಾಯಿಯ ಅಸ್ಥಿಪಂಜರದಲ್ಲಿರುವುದು ಒಂದು ಕಿಲೋ ಆಸುಪಾಸು. ಅಂದರೆ ಮಗುವಿಗೆ ಬೇಕಾದದ್ದನ್ನೆಲ್ಲ ತಾಯಿಯ ಮೂಳೆಯೇ ಕೊಟ್ಟರೂ ನೂರಕ್ಕೆ ಮೂರರಷ್ಟು ಮಾತ್ರ. ಅಷ್ಟನ್ನೂ ಮೂಳೆ ಕೊಡಬೇಕಾಗಿಲ್ಲ. ಗರ್ಭ ನಿಂತ ಮೊದಲ ತಿಂಗಳುಗಳಲ್ಲೇ ರಕ್ತದಲ್ಲಿ ಕ್ಯಾಲ್ಸಿಟ್ರಯಾಲ್ ಎಂಬ ವಿಟಮಿನ್ ಡಿ ಹಾರ್ಮೋನು ಎರಡು-ಮೂರು ಪಟ್ಟು ಏರುತ್ತದೆ, ಕರುಳು ಆಹಾರದಿಂದ ಕ್ಯಾಲ್ಸಿಯಂ ಎಳೆದುಕೊಳ್ಳುವ ಪ್ರಮಾಣ ಇಮ್ಮಡಿಯಾಗುತ್ತದೆ. ಮಗುವಿನ ಬೇಡಿಕೆ ಶುರುವಾಗುವ ಮುಂಚೆಯೇ ದೇಹ ತಯಾರಿ ಮಾಡಿಕೊಂಡಿರುತ್ತದೆ. ಹಾಲೂಡಿಸುವ ಕಾಲದ ವ್ಯವಸ್ಥೆಯೇ ಬೇರೆ. ಆಗ ಈಸ್ಟ್ರೋಜನ್ ಕುಸಿಯುತ್ತದೆ, ಸ್ತನವೇ ಪಿಟಿಎಚ್‌ಆರ್‌ಪಿ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ, ಇವೆರಡೂ ಸೇರಿ ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿ ಹಾಲಿಗೆ ಕಳಿಸುತ್ತವೆ. ಆರು ತಿಂಗಳು ಹಾಲೂಡಿಸಿದ ತಾಯಿಯ ಬೆನ್ನುಮೂಳೆಯ ಸಾಂದ್ರತೆ ಶೇ 3ರಿಂದ 10ರವರೆಗೆ ಇಳಿಯಬಹುದು. ಮುಟ್ಟು ನಿಂತ ಮೇಲೆ ಹೆಂಗಸರು ಕಳೆದುಕೊಳ್ಳುವುದಕ್ಕಿಂತ ಈ ವೇಗ ಹೆಚ್ಚು. ಆದರೆ ಇದು ವಾಪಸು ಬರುವ ಕೈಗಡ. ಹಾಲು ಬಿಡಿಸಿದ ಆರು ತಿಂಗಳಿಂದ ಒಂದು ವರ್ಷದೊಳಗೆ ಬಹುಪಾಲು ಹೆಂಗಸರಲ್ಲಿ ಮೂಳೆ ಮೊದಲಿನ ಮಟ್ಟಕ್ಕೆ ಮರಳುತ್ತದೆ.

ಹಾಗಿದ್ದರೆ ಹೆಚ್ಚು ಕ್ಯಾಲ್ಸಿಯಂ ಕೊಟ್ಟು ಈ ಇಳಿಕೆಯನ್ನೂ ತಡೆಯಬಹುದಲ್ಲ ಎಂದು ಕೇಳಬಹುದು. ಪ್ರಯತ್ನ ನಡೆದಿದೆ. ಅಮೆರಿಕದಲ್ಲಿ ಹಾಲೂಡಿಸುವ ತಾಯಂದಿರಿಗೆ ದಿನಕ್ಕೊಂದು ಗ್ರಾಂ ಕ್ಯಾಲ್ಸಿಯಂ ಕೊಟ್ಟು ನಡೆಸಿ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆ ಕಾಲದ ಮೂಳೆನಷ್ಟ ನಿಲ್ಲಲಿಲ್ಲ. ಹೊಟ್ಟೆ ತುಂಬಿದವರ ದೇಶದ ಮಾತಾಯಿತು, ಬಡವರಲ್ಲಿ ಬೇರೆ ಇರಬಹುದು ಎನ್ನುವವರಿಗೆ ಪಶ್ಚಿಮ ಆಫ್ರಿಕದ ಗ್ಯಾಂಬಿಯಾ ಉತ್ತರ ಕೊಟ್ಟಿದೆ. ಅಲ್ಲಿ ಊಟದಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ. ಗರ್ಭಿಣಿಯರಿಗೆ ದಿನಕ್ಕೆ 1500 ಮಿಲಿಗ್ರಾಂ ಕೊಟ್ಟು ಹೆರಿಗೆಯ ನಂತರ ಒಂದು ವರ್ಷ ಅಳೆದು ನೋಡಿದಾಗ, 2010ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು. ಮಾತ್ರೆ ನುಂಗಿದವರ ಸೊಂಟದ ಮೂಳೆಯ ಸಾಂದ್ರತೆ ಮಾತ್ರೆ ಇಲ್ಲದವರಿಗಿಂತ ಕಡಿಮೆ ಇತ್ತು! ಕೊರತೆಗೆ ಒಗ್ಗಿಕೊಂಡ ದೇಹದ ಹೊಂದಾಣಿಕೆಯನ್ನು ಈ ದಿಢೀರ್ ಹೆಚ್ಚಳ ಕದಡಿರಬಹುದು ಎಂದು ಸಂಶೋಧಕರು ಅರ್ಥೈಸಿದರು. ಒಂದು ದೇಶದ ಒಂದು ಪ್ರಯೋಗದಿಂದ ಎಲ್ಲರ ಮಾತ್ರೆ ಕಸಿಯಬೇಕಿಲ್ಲ. ಆದರೆ ಎಷ್ಟು ಸುರಿದರೆ ಅಷ್ಟು ಗಟ್ಟಿ ಎಂಬ ಸರಳ ನಂಬಿಕೆ ಇದಾದ ಮೇಲೆ ಉಳಿಯಬಾರದು.

ಹೆತ್ತಷ್ಟೂ ಮೂಳೆ ಸವೆಯುವುದಾದರೆ ಹೆಚ್ಚು ಮಕ್ಕಳ ತಾಯಂದಿರು ಮುಪ್ಪಿನಲ್ಲಿ ಹೆಚ್ಚಾಗಿ ಸೊಂಟ ಮುರಿದುಕೊಳ್ಳಬೇಕಿತ್ತು. ಅಮೆರಿಕದಲ್ಲಿ ಒಂಬತ್ತು ಸಾವಿರಕ್ಕೂ ಮಿಕ್ಕಿದ ವಯಸ್ಸಾದ ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ ಇದರ ತದ್ವಿರುದ್ಧ ಚಿತ್ರ ಕೊಟ್ಟಿತು. 2003ರ ಅದರ ವರದಿಯ ಪ್ರಕಾರ ಹೆರದವರಿಗೇ ಸೊಂಟ ಮುರಿತದ ಅಪಾಯ ಹೆಚ್ಚು, ಹೆತ್ತವರಲ್ಲಿ ಒಂದೊಂದು ಹೆರಿಗೆಗೂ ಅಪಾಯ ಶೇ 9ರಷ್ಟು ಕಡಿಮೆ. ಇಲ್ಲೊಂದು ಆಕ್ಷೇಪಣೆ ಏಳುತ್ತದೆ, ಅದು ತೂಕದ್ದೇ. ಆ ಹೆಂಗಸರ ಊಟ, ವಯಸ್ಸು, ಹೆರಿಗೆಗಳ ನಡುವಿನ ಅಂತರ ಯಾವುದೂ ನಮ್ಮ ಹಳ್ಳಿಯ ಹುಡುಗಿಯದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಐವರಿಗೊಬ್ಬರು ಹದಿನೆಂಟು ತುಂಬುವ ಮುಂಚೆ ಮದುವೆಯಾದವರು. ಮೂಳೆ ತನ್ನ ಪೂರ್ಣ ಗಟ್ಟಿತನ ಮುಟ್ಟುವುದು ಇಪ್ಪತ್ತರ ದಶಕದಲ್ಲಿ. ಅದಕ್ಕೆ ಮುಂಚೆಯೇ ಬಸಿರು, ಮೊಲೆ ಬಿಡಿಸುವಷ್ಟರಲ್ಲಿ ಮತ್ತೊಂದು ಬಸಿರು ಎಂದಾದರೆ ಕೊಟ್ಟದ್ದು ವಾಪಸು ಬರಲು ಸಮಯವೇ ಸಿಗುವುದಿಲ್ಲ. ಈ ಆಕ್ಷೇಪಣೆಯನ್ನು ನಾನು ಒಪ್ಪುತ್ತೇನೆ. ಆದರೆ ಅದು ದೂರುವುದು ಬಸಿರನ್ನಲ್ಲ, ಬಸಿರಿಗೆ ಮುಂಚಿನ ಹದಿನೈದಿಪ್ಪತ್ತು ವರ್ಷಗಳನ್ನು.

ಬೆನ್ನುಮೂಳೆ ಕುಸಿಯುವ ಕಾಯಿಲೆಯ ವಿಷಯದಲ್ಲಿ ಸಾಕ್ಷ್ಯಗಳೂ ಇದನ್ನೇ ಹೇಳುತ್ತವೆ. ಅದು ತೀರಾ ಅಪರೂಪ. ಸಾಮಾನ್ಯವಾಗಿ ಉಲ್ಲೇಖವಾಗುವ ಅಂದಾಜು ಹತ್ತು ಲಕ್ಷಕ್ಕೆ ನಾಲ್ಕು, ಪತ್ತೆಯಾಗದೆ ಉಳಿಯುವವರನ್ನು ಸೇರಿಸಿದರೆ ಸಂಖ್ಯೆ ಏರಬಹುದು. ಬಹುಪಾಲು ಚೊಚ್ಚಲ ಹೆರಿಗೆಯವರೇ, ಕೊನೆಯ ತಿಂಗಳಲ್ಲಿ ಅಥವಾ ಮಗು ಹುಟ್ಟಿದ ಮೊದಲ ಕೆಲವು ತಿಂಗಳಲ್ಲಿ ಮಗುವನ್ನು ಎತ್ತಿಕೊಳ್ಳಲು ಬಗ್ಗಿದಾಗ ಬೆನ್ನು ಸೀಳಿದಂತಾಗುತ್ತದೆ. ಒಂದಲ್ಲ, ಮೂರು-ನಾಲ್ಕು ಕಶೇರುಕಗಳು ಒಟ್ಟಿಗೆ ಚಪ್ಪಟೆಯಾಗಿರುವುದು, ಎತ್ತರ ಒಂದೆರಡು ಅಂಗುಲ ಕುಗ್ಗಿರುವುದು ವಿಶೇಷವಲ್ಲ. ಕೆದಕಿ ನೋಡಿದರೆ ಇಂಥವರಲ್ಲಿ ಅನೇಕರ ಮೂಳೆ ಮೊದಲೇ ತೆಳುವಾಗಿತ್ತು ಎನ್ನುವುದಕ್ಕೆ ಕುರುಹು ಸಿಗುತ್ತದೆ. ಎಲ್‌ಆರ್‌ಪಿ5, ಡಬ್ಲ್ಯುಎನ್‌ಟಿ1, ಕೊಲಾಜೆನ್ ತಯಾರಿಸುವ ವಂಶವಾಹಿ ಮುಂತಾದವುಗಳಲ್ಲಿ ದೋಷ, ತಾಯಿಗೋ ಅಜ್ಜಿಗೋ ಮೂಳೆಮುರಿತದ ಇತಿಹಾಸ, ಹಿಂದೆ ತೂಕ ವಿಪರೀತ ಇಳಿದಿದ್ದು, ಗೋಧಿಯ ಗ್ಲೂಟನ್ ಒಗ್ಗದ ಸೀಲಿಯಾಕ್ ಕಾಯಿಲೆ, ಅಸ್ತಮಾ ಅಥವಾ ಲೂಪಸ್‌ಗೆ ತಿಂಗಳುಗಟ್ಟಲೆ ನುಂಗಿದ ಸ್ಟೀರಾಯ್ಡು, ಕೆಲವು ಮೂರ್ಛೆರೋಗದ ಮಾತ್ರೆ. ರಕ್ತ ಹೆಪ್ಪುಗಟ್ಟದಿರಲು ಗರ್ಭಿಣಿಯರಿಗೆ ಕೊಡುವ ಹಳೆಯ ಬಗೆಯ ಹೆಪಾರಿನ್ ಕೂಡ ಈ ಸಾಲಿಗೆ ಸೇರುತ್ತದೆ. ಅದನ್ನು ದೀರ್ಘಕಾಲ ಪಡೆದ 184 ಸ್ವೀಡಿಷ್ ಗರ್ಭಿಣಿಯರಲ್ಲಿ ನಾಲ್ವರ ಬೆನ್ನುಮೂಳೆ ಮುರಿದದ್ದು 1993ರಲ್ಲಿ ವರದಿಯಾಗಿತ್ತು. ಈಗ ಬಳಕೆಯಲ್ಲಿರುವ ಕಡಿಮೆ ಅಣುತೂಕದ ಹೆಪಾರಿನ್‌ನಲ್ಲಿ ಆ ಅಪಾಯ ಬಹಳ ಕಡಿಮೆ. ಒಟ್ಟಿನಲ್ಲಿ ಆರೋಗ್ಯವಂತ ಹೆಣ್ಣು ತಡೆದುಕೊಳ್ಳುವ ಆ ಐದೋ ಎಂಟೋ ಶೇಕಡದ ಇಳಿಕೆ, ಮೊದಲೇ ಅಂಚಿನಲ್ಲಿದ್ದ ಮೂಳೆಯನ್ನು ಕೆಳಕ್ಕೆ ತಳ್ಳುತ್ತದೆ.

ಸೊಂಟದ ಕೀಲಿನ ಕಥೆ ಹೀಗಿಲ್ಲ. ಮಗು ಕ್ಯಾಲ್ಸಿಯಂ ಹೀರಿದ್ದೇ ಕಾರಣವಾದರೆ ಒಂದೇ ಬದಿಯ ಕೀಲು ಮಾತ್ರ ಏಕೆ ಸೊರಗಬೇಕು? ಬಸುರಿಯರಲ್ಲಿ ಎಡಗಡೆಯದೇ ಹೆಚ್ಚೆಂದು ಹಳೆಯ ವರದಿಗಳು ಹೇಳುತ್ತವೆ, ಎರಡೂ ಕಡೆ ಬರುವುದೂ ಉಂಟು. ಎಷ್ಟೋ ಸಲ ಅದೇ ಹೆಣ್ಣಿನ ಬೆನ್ನುಮೂಳೆಯ ಅಳತೆ ಅಷ್ಟೇನೂ ಕೆಟ್ಟಿರುವುದಿಲ್ಲ. ಇದಕ್ಕಿಂತ ಗಟ್ಟಿ ಸಾಕ್ಷ್ಯವೆಂದರೆ ಈ ಕಾಯಿಲೆ ಹೆಚ್ಚಾಗಿ ಕಾಣಿಸುವುದು ಬಸುರಿಯರಲ್ಲೇ ಅಲ್ಲ, ನಲವತ್ತರಿಂದ ಐವತ್ತೈದರ ನಡುವಿನ ಗಂಡಸರಲ್ಲಿ! ಅವರ ಕ್ಯಾಲ್ಸಿಯಂ ಕದಿಯಲು ಯಾವ ಮಗುವೂ ಇಲ್ಲ. 1968ರಲ್ಲಿ ಫ್ರಾನ್ಸಿನ ಲೆಕೆನ್ ಇದನ್ನು ‘ಸೊಂಟದ ತಾತ್ಕಾಲಿಕ ಆಸ್ಟಿಯೊಪೊರೋಸಿಸ್’ ಎಂದು ಕರೆದರು. 1988ರಲ್ಲಿ ಎಂಆರ್‌ಐ ಚಿತ್ರಗಳು ಬಂದಾಗ ಆ ಹೆಸರಿಗೇ ಧಕ್ಕೆಯಾಯಿತು. ಚಿತ್ರಗಳಲ್ಲಿ ತೊಡೆಮೂಳೆಯ ತಲೆಯಿಂದ ಕುತ್ತಿಗೆಯವರೆಗೆ ಮಜ್ಜೆಯಲ್ಲಿ ನೀರು ತುಂಬಿ ಊದಿಕೊಂಡಂತೆ ಕಂಡಿತು. ಈಗ ಹಲವರು ಇದನ್ನು ಮಜ್ಜೆಯ ಊತ ಎಂದೇ ಕರೆಯುತ್ತಾರೆ. ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಹಲವು ಊಹೆಗಳಿವೆ. ಮಗುವಿನ ತಲೆ ಕೆಳಗಿಳಿದು ಆಬ್ಟುರೇಟರ್ ನರವನ್ನು ಒತ್ತುವುದು, ಸೊಂಟದಿಂದ ರಕ್ತ ಹಿಂದಿರುಗುವ ನಾಳಗಳು ಬಿಗಿಯುವುದು, ಏರಿದ ತೂಕಕ್ಕೂ ಬದಲಾದ ನಡಿಗೆಗೂ ಮೂಳೆಯೊಳಗೆ ಕೂದಲೆಳೆಯ ಬಿರುಕುಗಳಾಗುವುದು. ಯಾವುದೂ ಪೂರ್ತಿ ಸಾಬೀತಾಗಿಲ್ಲ. ನನಗೆ ಕೊನೆಯದು ಹೆಚ್ಚು ನಂಬಲರ್ಹವೆನಿಸುತ್ತದೆ, ಏಕೆಂದರೆ ಭಾರ ತಪ್ಪಿಸಿದರೆ ವಾಸಿಯಾಗುತ್ತದೆ, ಭಾರ ಹೇರಿದರೆ ಮುರಿಯುತ್ತದೆ. ತಾನಾಗಿಯೇ ವಾಸಿಯಾಗುವ ಕಾಯಿಲೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಾದದ್ದೂ ಇದಕ್ಕೇ. ಮಜ್ಜೆ ಊದಿದ ಆ ಕೆಲವು ತಿಂಗಳು ತೊಡೆಮೂಳೆಯ ಕುತ್ತಿಗೆ ಬೀಳದೆಯೇ, ಹಾಸಿಗೆಯಿಂದ ಏಳುವಾಗಲೇ ಮುರಿಯಬಹುದು. ಹೆರಿಗೆ ನೋವಿನ ನಡುವೆಯೇ ಮುರಿದ ಪ್ರಕರಣಗಳಿವೆ, ಎರಡೂ ಕಾಲಿನದು ಮುರಿದ ವರದಿಗಳೂ ಇವೆ.

ಇಲ್ಲಿಗೆ ಅಸಲಿ ಸಮಸ್ಯೆ ಬಂತು. ಬಸುರಿಗೆ ಸೊಂಟ ನೋಯದಿದ್ದರೆ ಇನ್ಯಾರಿಗೆ ನೋಯಬೇಕು ಎಂಬ ಮಾತು ಅತ್ತೆಯಿಂದ ನರ್ಸ್‌ವರೆಗೆ ಎಲ್ಲರ ಬಾಯಲ್ಲೂ ಬರುತ್ತದೆ. ಸುಳ್ಳೇನಲ್ಲ. ಗರ್ಭಿಣಿಯರಲ್ಲಿ ಐವರಿಗೊಬ್ಬರು ಸೊಂಟದ ಪಟ್ಟಿಯ ನೋವು ಅನುಭವಿಸುತ್ತಾರೆ ಎಂದು ಯುರೋಪಿನ ಮಾರ್ಗಸೂಚಿಯೇ ಹೇಳಿದೆ. ಅವರೆಲ್ಲರನ್ನೂ ಎಂಆರ್‌ಐ ಯಂತ್ರದೊಳಕ್ಕೆ ತೂರಿಸಲಾಗುತ್ತದೆಯೆ, ಲಕ್ಷಕ್ಕೊಂದು ಕಾಯಿಲೆಗಾಗಿ ಎಲ್ಲರನ್ನೂ ಹೆದರಿಸಬೇಕೆ ಎಂದು ವೈದ್ಯರು ಕೇಳಿದರೆ ತಪ್ಪೇನಿಲ್ಲ. ಹಾಗೆ ಮಾಡಬೇಕಾಗಿಲ್ಲ. ಸಾಮಾನ್ಯ ನೋವು ಹೆಚ್ಚಾಗಿ ಹಿಂಭಾಗದಲ್ಲಿ, ಬೆನ್ನಿನ ಬುಡ ಮತ್ತು ಪೃಷ್ಠದ ನಡುವೆ ಅಥವಾ ಮುಂದೆ ಗುಹ್ಯಾಸ್ಥಿಯ ನಡುಗೆರೆಯಲ್ಲಿ ಇರುತ್ತದೆ. ಕೀಲಿನ ನೋವು ತೊಡೆಸಂದಿನಲ್ಲಿ ಹುಟ್ಟಿ ತೊಡೆಯ ಮುಂಭಾಗಕ್ಕೆ, ಕೆಲವೊಮ್ಮೆ ಮಂಡಿಯವರೆಗೆ ಇಳಿಯುತ್ತದೆ. ಹೆಚ್ಚಾಗಿ ಒಂದೇ ಕಡೆ ಇರುತ್ತದೆ. ಕಾಲೂರಿದಾಗ ಏರುತ್ತದೆ, ಮಲಗಿದಾಗ ಇಳಿಯುತ್ತದೆ. ಕಾಲನ್ನು ಒಳಕ್ಕೆ ತಿರುಗಿಸಿದರೆ ಚುಚ್ಚುತ್ತದೆ. ವಾರಗಳಲ್ಲಿ ಹೆಚ್ಚುತ್ತಾ ಹೋಗಿ, ಕೊನೆಗೆ ಆ ಕಾಲಿನ ಮೇಲೆ ಒಂಟಿಯಾಗಿ ನಿಲ್ಲಲಾಗದ ಹಂತಕ್ಕೆ ಬರುತ್ತದೆ. ಇವಿಷ್ಟನ್ನು ತಿಳಿಯಲು ಯಂತ್ರ ಬೇಡ, ಆಕೆ ಕೋಣೆಯೊಳಗೆ ನಡೆದು ಬರುವುದನ್ನು ನೋಡಿದರೆ ಸಾಕು. ದುರದೃಷ್ಟವೆಂದರೆ ನಮ್ಮ ತಾಯಿ ಕಾರ್ಡಿನಲ್ಲಿ ರಕ್ತದೊತ್ತಡ, ಹಿಮೊಗ್ಲೋಬಿನ್, ತೂಕ ಎಲ್ಲದಕ್ಕೂ ಜಾಗವಿದ್ದರೂ ಗಿಜಿಗುಡುವ ತಪಾಸಣೆಯ ದಿನ ಗರ್ಭಿಣಿಯನ್ನು ನಡೆಸಿ ನೋಡುವವರು ಕಡಿಮೆ.

ಬೆನ್ನಿನ ವಿಷಯದಲ್ಲಿ ಕಣ್ಣು ಕಟ್ಟುವ ಇನ್ನೊಂದು ನಂಬಿಕೆಯಿದೆ. ಸಿಸೇರಿಯನ್ ಆದವರಿಗೆ ಮುಂದೆ ಎಷ್ಟೇ ಬೆನ್ನು ನೋವು ಬಂದರೂ ಅದನ್ನು ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನ ತಲೆಗೆ ಕಟ್ಟುವುದು. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯುವುದು ನಿಜ. ಆದರೆ ಹೆರಿಗೆ ನೋವಿಗೆ ಎಪಿಡ್ಯೂರಲ್ ಪಡೆದವರನ್ನೂ ಪಡೆಯದವರನ್ನೂ ಚೀಟಿ ಎತ್ತಿದಂತೆ ವಿಂಗಡಿಸಿ ವರ್ಷಗಳ ನಂತರ ಹೋಲಿಸಿದ ಪ್ರಯೋಗದಲ್ಲಿ ಬೆನ್ನುನೋವಿನ ವ್ಯತ್ಯಾಸ ಕಾಣಲಿಲ್ಲ. ಇಂಜೆಕ್ಷನ್ನಿಗೆ ಬೈದು ಸುಮ್ಮನಾಗುವ ಬಾಣಂತಿಯರಲ್ಲಿ ಯಾರೋ ಒಬ್ಬಾಕೆಯ ಕಶೇರುಕಗಳು ಮುರಿದಿರುತ್ತವೆ. ಆಕೆಗೆ ಒಂದು ಎಕ್ಸ್‌ರೇ ಆಗುವುದು ತಿಂಗಳುಗಳ ನಂತರ. ಬಸಿರಿನಲ್ಲಿದ್ದಾಗ ಎಕ್ಸ್‌ರೇ ಬೇಡವೇ ಬೇಡ ಎಂಬ ಹೆದರಿಕೆ ಇದಕ್ಕೆ ಜೊತೆಯಾಗುತ್ತದೆ. ಎಚ್ಚರಿಕೆ ಸರಿ, ಹೆದರಿಕೆ ಅತಿ. 50 ಮಿಲಿಗ್ರೇಗಿಂತ ಕಡಿಮೆ ವಿಕಿರಣದಿಂದ ಭ್ರೂಣಕ್ಕೆ ಅಂಗದೋಷವಾಗಲಿ ಗರ್ಭಪಾತವಾಗಲಿ ಕಂಡುಬಂದಿಲ್ಲವೆಂದು ಅಮೆರಿಕದ ಪ್ರಸೂತಿತಜ್ಞರ ಕಾಲೇಜು ಹೇಳುತ್ತದೆ. ಸೊಂಟದ ಒಂದು ಎಕ್ಸ್‌ರೇ ಅದರ ಸಣ್ಣದೊಂದು ಪಾಲು. ಎಂಆರ್‌ಐಯಲ್ಲಿ ಅಂಥ ವಿಕಿರಣವೇ ಇಲ್ಲ, ಗ್ಯಾಡೊಲಿನಿಯಂ ಚುಚ್ಚದಿದ್ದರಾಯಿತು. ಸೊಂಟದ ಕೀಲಿನ ಕಾಯಿಲೆಯ ಆರಂಭದ ವಾರಗಳಲ್ಲಿ ಎಕ್ಸ್‌ರೇ ಏನನ್ನೂ ತೋರಿಸದೆ ಹೋಗಬಹುದು, ಎಂಆರ್‌ಐ ತೋರಿಸುತ್ತದೆ. ರಕ್ತ ಸಾಲದೆ ಮೂಳೆಯ ತಲೆ ಸಾಯುವ ಅವಾಸ್ಕುಲರ್ ನೆಕ್ರೋಸಿಸ್‌ನಿಂದ ಇದನ್ನು ಬೇರ್ಪಡಿಸಲೂ ಅದೇ ಬೇಕು. ಈ ಬೇರ್ಪಡಿಕೆ ತಪ್ಪಿದರೆ, ವಿಶ್ರಾಂತಿಯಲ್ಲಿ ವಾಸಿಯಾಗಬೇಕಾದ ಮೂಳೆಗೆ ಬೈರಿಗೆ ಹಾಕಿ ತೂತು ಕೊರೆಯುವ ಶಸ್ತ್ರಚಿಕಿತ್ಸೆ ನಡೆದುಬಿಡಬಹುದು.

ಭಾರತದಲ್ಲಿ ಈ ಎರಡರ ಜೊತೆಗೆ ಮೂರನೆಯದೊಂದನ್ನು ಮರೆಯುವಂತಿಲ್ಲ, ಆಸ್ಟಿಯೊಮಲೇಶಿಯಾ. ಮೂಳೆ ತೆಳುವಾಗುವುದಲ್ಲ, ಸುಣ್ಣ ಕೂಡದೆ ಮೆತ್ತಗಾಗುವುದು. ಕಾಶ್ಮೀರದಲ್ಲಿ ಕೆಲಸ ಮಾಡಿದ್ದ ವೈದ್ಯೆ ಕ್ಯಾಥ್ಲೀನ್ ವಾಘನ್ 1928ರಲ್ಲೇ ಪರದೆಯೊಳಗಿನ ತಾಯ್ತನದ ಬಗ್ಗೆ ಪುಸ್ತಕ ಬರೆದು, ಬಿಸಿಲು ಕಾಣದ ಹೆಂಗಸರ ಸೊಂಟದ ಮೂಳೆಗಳು ಸೊಟ್ಟಗಾಗಿ ಹೆರಿಗೆ ಅಸಾಧ್ಯವಾಗುವುದನ್ನು ವಿವರಿಸಿದರು. ಆಸುಪಾಸಿನ ವರ್ಷಗಳಲ್ಲಿ ಡಾಗ್ಮರ್ ವಿಲ್ಸನ್ ಕಾಂಗ್ಡಾ ಕಣಿವೆಯಲ್ಲಿ ಇದೇ ಕಾಯಿಲೆಯನ್ನು ಅಧ್ಯಯನ ಮಾಡಿದರು. ಅದು ಮುಗಿದ ಅಧ್ಯಾಯವಲ್ಲ. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲಖನೌದ ವೈದ್ಯರು ದಿನ ತುಂಬಿದ 207 ಗರ್ಭಿಣಿಯರನ್ನು ಪರೀಕ್ಷಿಸಿದಾಗ ನಗರ-ಹಳ್ಳಿಯ ಭೇದವಿಲ್ಲದೆ ಶೇ 84ರಷ್ಟು ಮಂದಿಯಲ್ಲಿ ವಿಟಮಿನ್ ಡಿ ಕೊರತೆ ಕಂಡಿತು. ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ. ಆದರೆ ಬಾಣಂತಿಯನ್ನು ತಿಂಗಳುಗಟ್ಟಲೆ ಗಾಳಿಬೆಳಕಿಲ್ಲದ ಕೋಣೆಯಲ್ಲಿ ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಸುತ್ತಿ ಮಲಗಿಸುವ ಮನೆಗಳಿವೆ, ಬೆಳಗಿನಿಂದ ಸಂಜೆಯವರೆಗೆ ಗಾರ್ಮೆಂಟ್ ಕಾರ್ಖಾನೆಯೊಳಗೋ ಕಚೇರಿಯೊಳಗೋ ಕೂರುವ ಬಸುರಿಯರಿದ್ದಾರೆ. ಆಸ್ಟಿಯೊಮಲೇಶಿಯಾದಲ್ಲಿ ತೊಡೆಮೂಳೆಯ ಕುತ್ತಿಗೆಯ ಒಳಬದಿಯಲ್ಲಿ ಲೂಸರ್ ಪಟ್ಟಿಗಳೆಂಬ ಬಿರುಕುಗಳು ಮೂಡುತ್ತವೆ, ತೊಡೆಯ ಸ್ನಾಯು ಸೋತು ನೆಲದಿಂದ ಏಳುವುದು ಕಷ್ಟವಾಗುತ್ತದೆ, ನಡಿಗೆ ಬಾತುಕೋಳಿಯದಾಗುತ್ತದೆ. ಬಸುರಿಯ ನಡಿಗೆ ಹೇಗೂ ಹಾಗೇ ಇರುವುದರಿಂದ ಇದು ಮರೆಯಾಗುತ್ತದೆ. ರಕ್ತಪರೀಕ್ಷೆಯಲ್ಲಿ ಸುಳಿವು ಕೊಡುವ ಆಲ್ಕಲೈನ್ ಫಾಸ್ಫಟೇಸ್ ಕೂಡ ಬಸುರಿಯರಲ್ಲಿ ಮಾಸೂ ಅದನ್ನು ತಯಾರಿಸುವುದರಿಂದ ಏರಿರುತ್ತದೆ. ಸಾಂದ್ರತೆಯ ಅಳತೆ ಮೂಳೆ ಸವೆತದಲ್ಲೂ ಆಸ್ಟಿಯೊಮಲೇಶಿಯಾದಲ್ಲೂ ಕಡಿಮೆಯೇ ಬರುತ್ತದೆ. ಆದರೆ ಚಿಕಿತ್ಸೆ ಬೇರೆ. ಮೆತ್ತಗಾದ ಮೂಳೆಗೆ ವಿಟಮಿನ್ ಡಿ, ಕ್ಯಾಲ್ಸಿಯಂ ಸಾಕಷ್ಟು ಕೊಟ್ಟರೆ ತಿಂಗಳುಗಳಲ್ಲಿ ಚೇತರಿಸುತ್ತದೆ. ಅದನ್ನು ಸವೆತವೆಂದು ತಪ್ಪು ತಿಳಿದು ಬಿಸ್‌ಫಾಸ್ಫೊನೇಟ್ ಚುಚ್ಚಿದರೆ ರಕ್ತದ ಕ್ಯಾಲ್ಸಿಯಂ ಅಪಾಯಕರವಾಗಿ ಕುಸಿಯಬಹುದು.

ಹೀಗಿರುವಾಗ ಸರ್ಕಾರದ ಕ್ಯಾಲ್ಸಿಯಂ ಮಾತ್ರೆಯನ್ನು ಏನೆನ್ನಬೇಕು? 2014ರ ರಾಷ್ಟ್ರೀಯ ಮಾರ್ಗಸೂಚಿಯಂತೆ ಹದಿನಾಲ್ಕನೆಯ ವಾರದಿಂದ ಹೆರಿಗೆಯಾದ ಆರು ತಿಂಗಳವರೆಗೆ ದಿನಕ್ಕೆರಡು ಮಾತ್ರೆ, ಒಂದೊಂದರಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ, 250 ಯೂನಿಟ್ ವಿಟಮಿನ್ ಡಿ. ಇದರ ಹಿಂದಿನ ಮುಖ್ಯ ಬಲ ಮೂಳೆಯಲ್ಲ. ಕ್ಯಾಲ್ಸಿಯಂ ಕಡಿಮೆ ತಿನ್ನುವವರಲ್ಲಿ ಅದು ರಕ್ತದೊತ್ತಡದ ಪ್ರಿಎಕ್ಲಾಂಪ್ಸಿಯಾವನ್ನು ತಗ್ಗಿಸುತ್ತದೆ, ಅದು ತಾಯಂದಿರ ಜೀವ ತೆಗೆಯುವ ಕಾಯಿಲೆ. ಆದ್ದರಿಂದ ಮಾತ್ರೆ ಬಿಡಬಾರದು. ಆದರೆ ಮಾತ್ರೆ ನುಂಗುತ್ತಿದ್ದಾಳೆ, ಮೂಳೆಗೆ ಏನೂ ಆಗದು ಎಂಬ ಭರವಸೆಯೂ ಬೇಡ. ದಿನಕ್ಕೆ 500 ಯೂನಿಟ್ ವಿಟಮಿನ್ ಡಿ ಮೆತ್ತಗಾದ ಮೂಳೆಗೆ ಚಿಕಿತ್ಸೆಯಲ್ಲ, ಊದಿದ ಮಜ್ಜೆಗೆ ಊರುಗೋಲೂ ಅಲ್ಲ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರೈವತ್ತು ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಮುದ್ದೆ, ಅಂಬಲಿ ತಿಂದು ಬೆಳೆದ ಹುಡುಗಿಗೆ ಅದು ನಿಜವಾದ ಬಂಡವಾಳ. ಏಳನೆಯ ತಿಂಗಳಲ್ಲಿ ಕುಂಟುವವಳಿಗೆ ರಾಗಿ ಮಾಲ್ಟ್ ಕುಡಿಸಿ ಕಾಯುತ್ತಾ ಕೂರುವುದು ಮಾತ್ರ ತಡಮಾಡುವುದೇ.

ಕಾಯಿಲೆ ಯಾವುದೆಂದು ಗೊತ್ತಾದ ಮೇಲೆ ಮಾಡಬೇಕಾದದ್ದು ಅಷ್ಟು ಕಠಿಣವಲ್ಲ. ಕೀಲಿನ ತಾತ್ಕಾಲಿಕ ಸವೆತಕ್ಕೆ ಊರುಗೋಲು ಅಥವಾ ವಾಕರ್, ಆ ಕಾಲಿನ ಮೇಲೆ ಭಾರ ಬೇಡ, ನೋವಿಗೆ ಪ್ಯಾರಾಸಿಟಮಾಲ್. ಪೂರ್ತಿ ಹಾಸಿಗೆ ಹಿಡಿಸುವುದು ಒಳ್ಳೆಯದಲ್ಲ, ಬಸಿರಿನಲ್ಲಿ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಮೊದಲೇ ಹೆಚ್ಚಿರುತ್ತದೆ. ಮುರಿದದ್ದೇ ಆದರೆ ಹೆರಿಗೆಯವರೆಗೆ ಕಾಯುವಂತಿಲ್ಲ. ಗರ್ಭಿಣಿಯನ್ನು ತುಸು ಎಡಕ್ಕೆ ವಾಲಿಸಿ, ದೊಡ್ಡ ರಕ್ತನಾಳಗಳ ಮೇಲೆ ಗರ್ಭದ ಭಾರ ಬೀಳದಂತೆ ನೋಡಿಕೊಂಡು ಸ್ಕ್ರೂಗಳಿಂದ ಮೂಳೆ ಜೋಡಿಸುತ್ತಾರೆ. ತಡವಾದಷ್ಟೂ ಮೂಳೆಯ ತಲೆ ಸಾಯುವ ಸಂಭವ ಹೆಚ್ಚು, ಮೂವತ್ತರ ಹೆಂಗಸಿಗೆ ಕೃತಕ ಕೀಲು ಹಾಕಬೇಕಾಗಿ ಬರುವುದು ಯಾರಿಗೂ ಬೇಡದ ಸ್ಥಿತಿ. ಸಿಸೇರಿಯನ್ ಕಡ್ಡಾಯವಲ್ಲ, ಕಾಲನ್ನು ಬಲವಂತವಾಗಿ ಅಗಲಿಸದೆ ಸಹಜ ಹೆರಿಗೆ ಸಾಧ್ಯವೇ ಎಂದು ಪ್ರಸೂತಿತಜ್ಞರೂ ಮೂಳೆತಜ್ಞರೂ ಕೂಡಿ ತೀರ್ಮಾನಿಸಬೇಕು.

ಹಾಲೂಡಿಸುವ ಪ್ರಶ್ನೆಯಲ್ಲಿ ಎರಡು ಕಾಯಿಲೆಗಳ ದಾರಿ ಬೇರೆಯಾಗುತ್ತದೆ. ಕೀಲಿನ ತಾತ್ಕಾಲಿಕ ಸವೆತದಲ್ಲಿ ಹಾಲು ನಿಲ್ಲಿಸುವುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಬೆನ್ನುಮೂಳೆಗಳು ಒಂದಾದಮೇಲೊಂದು ಕುಸಿಯುತ್ತಿರುವ ತಾಯಿಗೆ ಮಾತ್ರ ಹಾಲು ಬಿಡಿಸುವುದೇ ಮೊದಲ ಚಿಕಿತ್ಸೆ. ಹಾಲು ನಿಂತರೆ ಹಾರ್ಮೋನುಗಳ ಎಳೆತ ನಿಂತು ಎಷ್ಟೋ ಮಂದಿಯ ಸಾಂದ್ರತೆ ಔಷಧಿಯಿಲ್ಲದೆಯೇ ಗಣನೀಯವಾಗಿ ಏರುತ್ತದೆ. ಮಗುವಿಗೆ ತಾಯಿಯ ಹಾಲು ತಪ್ಪಿಸುವುದು ಸಣ್ಣ ಮಾತಲ್ಲ, ಎದೆಹಾಲಿನ ಪ್ರಚಾರವನ್ನು ವರ್ಷಗಳಿಂದ ಮಾಡಿಕೊಂಡು ಬಂದ ಆಶಾ ಕಾರ್ಯಕರ್ತೆಗೆ ಇದು ಅಪರಾಧದಂತೆಯೂ ಕಾಣಬಹುದು. ಬೆನ್ನು ಮುರಿದ ತಾಯಿ ಮಗುವನ್ನು ಎತ್ತಿಕೊಳ್ಳಲೂ ಆರಳು ಎಂಬುದನ್ನು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಟ್ಟು ನೋಡಬೇಕು. ಟೆರಿಪ್ಯಾರಟೈಡ್ ಚುಚ್ಚುಮದ್ದನ್ನು ಬಳಸಿ ಒಳ್ಳೆಯ ಫಲ ಕಂಡವರಿದ್ದಾರೆ. ಆದರೆ ತಾನಾಗಿ ಆಗುವ ಚೇತರಿಕೆಯೇ ದೊಡ್ಡದಾಗಿರುವುದರಿಂದ ಔಷಧಿಯ ಪಾಲೆಷ್ಟು ಎಂದು ಬಿಡಿಸಿ ಹೇಳುವ ದೊಡ್ಡ ಪ್ರಯೋಗಗಳಿಲ್ಲ. ಬಿಸ್‌ಫಾಸ್ಫೊನೇಟು ವರ್ಷಗಟ್ಟಲೆ ಮೂಳೆಯಲ್ಲೇ ಕುಳಿತು ಮುಂದಿನ ಬಸಿರಿನಲ್ಲಿ ಮಗುವಿಗೆ ದಾಟಬಹುದು, ಡೆನೊಸುಮ್ಯಾಬ್ ನಿಲ್ಲಿಸಿದ ಮೇಲೆ ಬೆನ್ನುಮೂಳೆಗಳು ಮತ್ತೆ ಕುಸಿಯಬಹುದು. ಹಾಗಾಗಿ ಎಳೆಯ ಹೆಂಗಸಿಗೆ ಇವನ್ನು ಬರೆಯುವ ಮುನ್ನ ಇನ್ನೊಂದು ಮಗು ಬೇಕೇ ಎಂದು ಕೇಳಲೇಬೇಕು. ಮುಂದಿನ ಬಸಿರಿನಲ್ಲಿ ಈ ಎರಡೂ ಕಾಯಿಲೆಗಳು ಮರುಕಳಿಸುವುದುಂಟು. ಕೀಲಿನ ಕಾಯಿಲೆ ಕೆಲವೊಮ್ಮೆ ಇನ್ನೊಂದು ಬದಿಗೆ ಬರುತ್ತದೆ. ಮೊದಲ ಸಲದ ಎಂಆರ್‌ಐ ಚಿತ್ರ ಮತ್ತು ಡಿಸ್ಚಾರ್ಜ್ ಚೀಟಿ ಆಕೆಯ ತಾಯಿ ಕಾರ್ಡಿನ ಜೊತೆಗಿದ್ದರೆ, ಎರಡನೆಯ ಬಸಿರಿನಲ್ಲಿ ತೊಡೆಸಂದು ನೋಯತೊಡಗಿದ ವಾರವೇ ಊರುಗೋಲು ಕೈಗೆ ಬರುತ್ತದೆ.